ಫೆಟ್‌ನ ‘ಪ್ರೊಜೆಕ್ಟೈಲ್ ಮೋಷನ್’: ಮೊದಲು ಪುಸ್ತಕದಲ್ಲಿ ಲೆಕ್ಕ, ಆಮೇಲೆ ಫಿರಂಗಿ

ಎತ್ತರದಿಂದ ಅಡ್ಡಕ್ಕೆ ಎಸೆದ ವಸ್ತು ಎಷ್ಟು ಹೊತ್ತಿಗೆ ನೆಲ ಮುಟ್ಟುತ್ತದೆ? ಎಷ್ಟು ದೂರ ಹೋಗಿ ಬೀಳುತ್ತದೆ? ಈ ಲೆಕ್ಕ ಹೇಳಿಕೊಡುವಾಗ ನಾನು ಈಗ ಮೊದಲು ತೆರೆಯುವುದು ಫೆಟ್‌ನ ‘ಪ್ರೊಜೆಕ್ಟೈಲ್ ಮೋಷನ್’ ಸಿಮ್ಯುಲೇಷನ್, ಅಂದರೆ ಪರದೆಯ ಮೇಲೆ ಫಿರಂಗಿಯಿಂದ ಗುಂಡು ಹಾರಿಸಿ ನೋಡುವ ಮಾದರಿ. ಮನೆಯಲ್ಲಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವುದು ನನ್ನ ಕೆಲಸ. ಈ ಪಾಠಕ್ಕೆ ಅಂತ ಸುಮಾರು ಆ್ಯಪ್‌ಗಳು, ವಿಡಿಯೋಗಳು, ಆನ್‌ಲೈನ್ ಕ್ಯಾಲ್ಕ್ಯುಲೇಟರ್‌ಗಳನ್ನು ಬಳಸಿ ನೋಡಿದ್ದೇನೆ. ಅಂಕಿ ಹಾಕಿದರೆ ಉತ್ತರ ಕೊಡುವುದಕ್ಕೆ ಅವು ಚೆನ್ನಾಗಿವೆ. ಆದರೆ ಆ ಉತ್ತರ ಯಾಕೆ ಹಾಗೆ ಬಂತು ಅಂತ ಮಗುವಿಗೆ ತಿಳಿಯಬೇಕಲ್ವಾ? ಅದಕ್ಕೆ ಈ ಸಿಮ್ಯುಲೇಷನ್‌ನಷ್ಟು ಒದಗಿಬಂದದ್ದು ಬೇರೆ ಯಾವುದೂ ಇಲ್ಲ. ಷರತ್ತು ಒಂದೇ. ಪಕ್ಕದಲ್ಲಿ ಪುಸ್ತಕ, ಪೆನ್ಸಿಲ್ ಇರಬೇಕು. ಫಿರಂಗಿ ಹಾರಿಸುವ ಮೊದಲೇ ಪುಸ್ತಕದಲ್ಲಿ ಉತ್ತರ ಬರೆದಿರಬೇಕು.

ಫೆಟ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಬೋಲ್ಡರ್ ಕ್ಯಾಂಪಸ್‌ನ ಯೋಜನೆ. 2002ರಲ್ಲಿ ಶುರು ಮಾಡಿದವರು ಕಾರ್ಲ್ ವೀಮನ್. ಅದರ ಹಿಂದಿನ ವರ್ಷ, 2001ರಲ್ಲಿ, ಅವರು ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡಿದ್ದರು. ಅಷ್ಟು ದೊಡ್ಡ ವಿಜ್ಞಾನಿ ಮಕ್ಕಳ ಕಲಿಕೆಯ ಕಡೆಗೆ ತಿರುಗಿದ್ದು ನನಗೆ ಬಹಳ ಇಷ್ಟವಾದ ಸಂಗತಿ. ಸಿಮ್ಯುಲೇಷನ್ ಬ್ರೌಸರ್‌ನಲ್ಲೇ ನಡೆಯುತ್ತದೆ. ದುಡ್ಡು ಕೊಡಬೇಕಾಗಿಲ್ಲ.

ಒಳಗೆ ನಾಲ್ಕು ಪರದೆಗಳಿವೆ: ಇಂಟ್ರೋ, ವೆಕ್ಟರ್ಸ್, ಡ್ರ್ಯಾಗ್, ಲ್ಯಾಬ್. ಅಡ್ಡ ಎಸೆತದ ಲೆಕ್ಕಕ್ಕೆ ಮೊದಲನೆಯದೇ ಮುಕ್ಕಾಲು ಪಾಲು ಸಾಕು. ಅದನ್ನು ತೆರೆದಾಗ ಫಿರಂಗಿ 10 ಮೀಟರ್ ಎತ್ತರದಲ್ಲಿ ನಿಂತಿರುತ್ತದೆ. ಕೋನ ಸೊನ್ನೆ, ಅಂದರೆ ಬಾಯಿ ನೇರ ಅಡ್ಡಕ್ಕೆ. ವೇಗ ಸೆಕೆಂಡಿಗೆ 15 ಮೀಟರ್. ನೀವು ಏನೂ ಮುಟ್ಟುವ ಮೊದಲೇ ನಮ್ಮ ಪಾಠದ ಲೆಕ್ಕ ಅಲ್ಲಿ ಸಿದ್ಧವಾಗಿ ಕೂತಿದೆ. ಗಾಳಿಯ ತಡೆ ಇದೆಯೋ ಇಲ್ಲವೋ ಅನ್ನುವ ಗುರುತು ಮಾತ್ರ ಒಮ್ಮೆ ನೋಡಿಕೊಳ್ಳಿ. ಅದು ಖಾಲಿ ಇರಬೇಕು.

ಈ ಹಂತದಲ್ಲಿ ಮಕ್ಕಳ ಬೆರಳು ತಾನಾಗಿಯೇ ಕೆಂಪು ಗುಂಡಿಯ ಕಡೆಗೆ ಹೋಗುತ್ತದೆ. ನಾನು ಬಿಡುವುದಿಲ್ಲ. ಪುಸ್ತಕದಲ್ಲಿ ನಡುವೆ ಒಂದು ಗೆರೆ ಎಳೆಸುತ್ತೇನೆ. ಎಡಕ್ಕೆ ‘ಅಡ್ಡ’, ಬಲಕ್ಕೆ ‘ಕೆಳಗೆ’. ಎಡಗಡೆಯಲ್ಲಿ ವೇಗ 15, ಅದು ಬದಲಾಗುವುದಿಲ್ಲ, ಯಾಕೆಂದರೆ ಅಡ್ಡಕ್ಕೆ ತಳ್ಳುವ ಅಥವಾ ಎಳೆಯುವ ಬಲ ಯಾವುದೂ ಇಲ್ಲ. ಬಲಗಡೆಯಲ್ಲಿ ಶುರುವಿನ ವೇಗ ಸೊನ್ನೆ, ಗುರುತ್ವದ ವೇಗೋತ್ಕರ್ಷ 9.81, ಬೀಳಬೇಕಾದ ದೂರ 10 ಮೀಟರ್. ಎರಡೂ ಕಡೆಗೆ ಸೇರಿದ್ದು ಒಂದೇ ಒಂದು: ಸಮಯ. ಅದನ್ನು ನಾನು ಗೆರೆಯ ಮೇಲೆಯೇ ಬರೆಸುತ್ತೇನೆ. ಆ ಸಮಯವನ್ನು ಯಾವ ಕಡೆಯಿಂದ ಕಂಡುಹಿಡಿಯಬಹುದು ಅಂತ ಕೇಳಿದರೆ ಅರ್ಧ ಲೆಕ್ಕ ಮುಗಿದ ಹಾಗೆ. ಇಲ್ಲಿ ಎತ್ತರ ಗೊತ್ತಿದೆ. ಹಾಗಾಗಿ ಬಲಗಡೆಯಿಂದ. ಎತ್ತರದ ಎರಡರಷ್ಟನ್ನು ಗುರುತ್ವದಿಂದ ಭಾಗಿಸಿ ವರ್ಗಮೂಲ ತೆಗೆಯಿರಿ. 20 ಭಾಗಿಸು 9.81, ಸುಮಾರು 2.04. ವರ್ಗಮೂಲ 1.43 ಸೆಕೆಂಡ್. ಅದನ್ನು ಎಡಗಡೆಗೆ ಒಯ್ದು 15ರಿಂದ ಗುಣಿಸಿದರೆ 21.42 ಮೀಟರ್. ಗುಣಿಸುವಾಗ 1.43 ಅಂತ ಮೊಟಕು ಮಾಡದೆ 1.428 ಇಟ್ಟುಕೊಳ್ಳಿ. ಇಲ್ಲದಿದ್ದರೆ ಕೊನೆಯಲ್ಲಿ ಮೂರು ಸೆಂಟಿಮೀಟರ್ ಹೆಚ್ಚಾಗುತ್ತದೆ, ಫಿರಂಗಿ ಅದನ್ನು ತೋರಿಸಿಬಿಡುತ್ತದೆ.

ಈಗ ಗುಂಡಿ ಒತ್ತಬಹುದು.

ಗುಂಡು ಬಿದ್ದ ಮೇಲೆ ಹಾದಿಯುದ್ದಕ್ಕೂ ಚುಕ್ಕೆಗಳು ಉಳಿಯುತ್ತವೆ. ಪ್ರತಿ 0.1 ಸೆಕೆಂಡಿಗೆ ಒಂದು ಚುಕ್ಕೆ. ಮೇಲಿನ ಪೆಟ್ಟಿಗೆಯಲ್ಲಿ ಒಂದು ಅಳತೆಯ ಸಾಧನ ಇದೆ. ಅದನ್ನು ಎಳೆದುಕೊಂಡು ಬಂದು ಅದರ ಕೂಡುಗೆರೆಯನ್ನು ಯಾವ ಚುಕ್ಕೆಯ ಮೇಲಿಟ್ಟರೂ ಮೂರು ಅಂಕಿ ಕಾಣಿಸುತ್ತದೆ: ಸಮಯ, ದೂರ, ಎತ್ತರ. ಇಡೀ ಸಿಮ್ಯುಲೇಷನ್‌ನಲ್ಲಿ ನನಗೆ ಅತಿ ಹೆಚ್ಚು ಬೇಕಾದದ್ದು ಇದೇ ಪುಟ್ಟ ಸಾಧನ. ಕೊನೆಯ ಚುಕ್ಕೆಯ ಮೇಲಿಟ್ಟರೆ 1.43, 21.42, 0. ಪುಸ್ತಕದಲ್ಲಿ ತಾನೇ ಬರೆದ ಅಂಕಿ ಪರದೆಯಲ್ಲಿ ಅದೇ ರೂಪದಲ್ಲಿ ಕಾಣಿಸಿದಾಗ ಮಗುವಿನ ಮುಖ ನೋಡಬೇಕು. ಉತ್ತರದ ಪುಟ ತಿರುವಿ ‘ಸರಿ’ ಅಂತ ಹಾಕಿಕೊಳ್ಳುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ ಇದೆ.

ಅಷ್ಟಕ್ಕೇ ಸಾಧನವನ್ನು ವಾಪಸ್ ಪೆಟ್ಟಿಗೆಗೆ ಹಾಕಬೇಡಿ. ನಡುವಿನ ಚುಕ್ಕೆಗಳನ್ನೂ ಓದಿಸಿ. 0.2 ಸೆಕೆಂಡಿನಲ್ಲಿ ಎತ್ತರ 9.80. 0.4ರಲ್ಲಿ 9.22. 0.6ರಲ್ಲಿ 8.23. 0.8ರಲ್ಲಿ 6.86. ದೂರ ಮಾತ್ರ ಪ್ರತಿ ಸಲವೂ ಸರಿಯಾಗಿ 3 ಮೀಟರ್ ಏರುತ್ತದೆ: 3, 6, 9, 12. ಎತ್ತರ ಇಳಿದದ್ದೆಷ್ಟು ಅಂತ ಪಕ್ಕದಲ್ಲಿ ಕಳೆದು ಬರೆಸಿ. 0.20, 0.58, 0.99, 1.37. ಇವನ್ನೆಲ್ಲ 0.196ರಿಂದ ಭಾಗಿಸಿ ನೋಡಿ. ದಶಮಾಂಶದ ಸಣ್ಣ ಹೆಚ್ಚು ಕಡಿಮೆ ಬಿಟ್ಟರೆ 1, 3, 5, 7! ಬೀಳುವ ವಸ್ತು ಸಮ ಅವಧಿಗಳಲ್ಲಿ ಬೆಸ ಸಂಖ್ಯೆಗಳ ಅನುಪಾತದಲ್ಲಿ ಇಳಿಯುತ್ತದೆ ಅಂತ ಗೆಲಿಲಿಯೋ ಕಂಡುಕೊಂಡದ್ದು ಇದನ್ನೇ. 1638ರಲ್ಲಿ ಲೈಡನ್‌ನಲ್ಲಿ ಅಚ್ಚಾದ ಅವನ ಕೊನೆಯ ಪುಸ್ತಕದಲ್ಲಿ ಇದೂ ಇದೆ, ಅಡ್ಡಕ್ಕೆ ಎಸೆದ ವಸ್ತುವಿನ ಹಾದಿ ಪ್ಯಾರಾಬೋಲಾ ಅನ್ನುವುದೂ ಇದೆ. ಅದಕ್ಕೂ ಮೊದಲು, 1608ರ ಸುಮಾರಿನ ಅವನ ಟಿಪ್ಪಣಿ ಹಾಳೆಗಳಲ್ಲಿ, ಇಳಿಜಾರಿನಲ್ಲಿ ಚೆಂಡು ಉರುಳಿಸಿ, ಮೇಜಿನ ಅಂಚಿನಿಂದ ಹಾರಿಸಿ, ಅದು ನೆಲದ ಮೇಲೆ ಬಿದ್ದ ದೂರ ಅಳೆದ ಗುರುತುಗಳಿವೆ. ಅವನ ಹತ್ತಿರ ಸೆಕೆಂಡಿನ ಹತ್ತನೇ ಒಂದು ಭಾಗ ಅಳೆಯುವ ಗಡಿಯಾರ ಇರಲಿಲ್ಲ. ನಮ್ಮ ಮಕ್ಕಳಿಗೆ ಅದು ಬೆರಳ ತುದಿಯಲ್ಲೇ ಇದೆ. ಸುಮ್ನೆ ಗುಂಡು ಹಾರಿಸಿ ಬಿಟ್ಟರೆ ಅದನ್ನು ಕಳೆದುಕೊಂಡ ಹಾಗೆ.

ಈ ಪಾಠದಲ್ಲಿ ಮಕ್ಕಳು ಬಾಯಲ್ಲಿ ಒಪ್ಪಿದರೂ ಮನಸ್ಸಿನಲ್ಲಿ ಒಪ್ಪದ ಮಾತು ಒಂದಿದೆ. ಜೋರಾಗಿ ಎಸೆದ ಚೆಂಡು, ಮೆಲ್ಲಗೆ ಎಸೆದ ಚೆಂಡು, ಸುಮ್ನೆ ಕೈಬಿಟ್ಟ ಚೆಂಡು, ಮೂರೂ ಒಂದೇ ಎತ್ತರದಿಂದ ಹೊರಟರೆ ಒಂದೇ ಹೊತ್ತಿಗೆ ನೆಲ ಮುಟ್ಟುತ್ತವೆ. ಜಾಸ್ತಿ ದೂರ ಹೋಗಬೇಕಾದರೆ ಜಾಸ್ತಿ ಹೊತ್ತು ಬೇಕು ಅಂತಲೇ ಅನ್ನಿಸುತ್ತದೆ. ದಿನನಿತ್ಯದ ಓಡಾಟದಲ್ಲಿ ಅದೇ ನಿಜ ತಾನೇ? ಇದನ್ನು ಎಷ್ಟು ಬಾಯಿಪಾಠ ಮಾಡಿಸಿದರೂ ಪರೀಕ್ಷೆಯಲ್ಲಿ ಪ್ರಶ್ನೆಯ ವೇಷ ಸ್ವಲ್ಪ ಬದಲಾದರೆ ಹಳೇ ಅನಿಸಿಕೆ ಮೇಲೆ ಬಂದುಬಿಡುತ್ತದೆ. ಇಲ್ಲಿ ವೇಗದ ಸ್ಲೈಡರ್ ಸೊನ್ನೆಯಿಂದ 30ರವರೆಗೆ ಹೋಗುತ್ತದೆ. ಎತ್ತರ ಮುಟ್ಟದೆ 5, 15, 30ರಲ್ಲಿ ಒಂದೊಂದು ಗುಂಡು ಹಾರಿಸಿ. ಹಳೇ ಹಾದಿಗಳು ತಕ್ಷಣ ಅಳಿಸಿಹೋಗುವುದಿಲ್ಲ. ಮೂರು ಕಮಾನು ಒಂದೇ ಪರದೆಯಲ್ಲಿ ನಿಲ್ಲುತ್ತವೆ. ದೂರ 7.14, 21.42, 42.84. ಸಮಯ ಮೂರರಲ್ಲೂ 1.43. ಆಮೇಲೆ ವೇಗ ಸೊನ್ನೆಗೆ ಇಳಿಸಿ ಹಾರಿಸಿ. ಗುಂಡು ನೇರ ಕೆಳಗೆ ಬೀಳುತ್ತದೆ. ಸಮಯ ಆಗಲೂ 1.43.

ಇಲ್ಲಿ ಒಂದು ಕೆಲಸ ತಪ್ಪದೆ ಮಾಡಿ. ಮೂರೂ ಹಾದಿಗಳಲ್ಲಿ ಒಂದೇ ಕ್ಷಣದ ಚುಕ್ಕೆ ಹುಡುಕಿಸಿ. 0.8 ಸೆಕೆಂಡ್ ಅಂತಿಟ್ಟುಕೊಳ್ಳಿ. ಮೂರರ ಎತ್ತರವೂ 6.86. ಪರದೆಗೆ ಸ್ಕೇಲ್ ಹಿಡಿದರೆ ಮೂರು ಚುಕ್ಕೆಗಳೂ ಒಂದೇ ಅಡ್ಡಗೆರೆಯಲ್ಲಿ ಇರುತ್ತವೆ. ಮೂರೂ ಗುಂಡುಗಳು ಹೆಜ್ಜೆ ತಪ್ಪದೆ ಜೊತೆಜೊತೆಯಾಗಿ ಇಳಿಯುತ್ತಿವೆ, ಅಷ್ಟೇ ಹೊತ್ತಿನಲ್ಲಿ ಒಂದೊಂದೂ ಬೇರೆ ಬೇರೆ ದೂರ ಮುಂದೆ ಹೋಗಿವೆ. ಇದನ್ನು ಕಣ್ಣಾರೆ ಕಂಡ ಮಗು ಮುಂದೆ ಎಡ ಬಲ ಎರಡು ಕಾಲಂ ಯಾಕೆ ಅಂತ ಕೇಳುವುದಿಲ್ಲ.

ಟಾರ್ಗೆಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನೆಲದ ಮೇಲೆ ಒಂದು ಗುರಿ ಇರುತ್ತದೆ, ಎಳೆದು ಬೇಕಾದ ದೂರಕ್ಕೆ ಇಡಬಹುದು. ಗುಂಡು ಅದರ ಮೇಲೆ ಬಿದ್ದರೆ ನಕ್ಷತ್ರಗಳು ಹಾರುತ್ತವೆ. ಹೆಚ್ಚಿನವರು ಇದನ್ನು ಆಟ ಅಂದುಕೊಂಡು ಸ್ಲೈಡರ್ ಅಲ್ಲಾಡಿಸಿ ಅಲ್ಲಾಡಿಸಿ ಹೊಡೆಯುತ್ತಾರೆ. ಆದರೆ ಇದು ತಿರುಗಿಸಿದ ಲೆಕ್ಕ: ದೂರ ಕೊಟ್ಟಿದೆ, ವೇಗ ಕಂಡುಹಿಡಿ. ನನ್ನ ತಂಗಿಯ ಮಗಳು ಈಗ ನನ್ನ ಹತ್ತಿರವೇ ಕಲಿಯುತ್ತಿದ್ದಾಳೆ. ಅವಳಿಗೆ ಗುರಿಯನ್ನು 20 ಮೀಟರ್‌ನಲ್ಲಿ ಇಟ್ಟುಕೊಟ್ಟೆ. ಎತ್ತರ 10 ಮೀಟರೇ.

“ಒಂದೇ ಗುಂಡು ಪುಟ್ಟಿ. ಅದಕ್ಕೇ ಬೀಳಬೇಕು.”

“ಒಂದೇ ಅಂದ್ರೆ ಹೇಗೆ ದೊಡ್ಡಮ್ಮ? ಒಂದ್ಸಲ ಹೊಡೆದು ನೋಡಿದ್ರೆ ತಾನೇ ಗೊತ್ತಾಗೋದು?”

“ಪುಸ್ತಕದಲ್ಲಿ ಹೊಡಿ ಮೊದಲು.”

ಅವಳು ಗೆರೆ ಎಳೆದಳು. ಸಮಯ ಎತ್ತರದಿಂದ ಬಂತು, ಹಳೇ 1.428. ದೂರ 20 ಗೊತ್ತಿದೆ. 20 ಭಾಗಿಸು 1.428, ಸುಮಾರು 14. ಸ್ಲೈಡರ್ 14ಕ್ಕೆ ತಂದು ಒತ್ತಿದಳು. ಗುಂಡು ಗುರಿಯ ನಟ್ಟನಡುವೆ ಬಿತ್ತು, ನಕ್ಷತ್ರಗಳು ಹಾರಿದವು. ಸಾಧನ ಇಟ್ಟು ನೋಡಿದರೆ 19.99. ಅವಳು ಕಿರುಚಿದ್ದು ಪಕ್ಕದ ಕೋಣೆಗೂ ಕೇಳಿಸಿರಬೇಕು.

ನಾನು ಅಲ್ಲಿಗೆ ನಿಲ್ಲಿಸಲಿಲ್ಲ. ನೆಲ ಮುಟ್ಟುವ ಹೊತ್ತಿಗೆ ಕೆಳಮುಖ ವೇಗ ಎಷ್ಟಿತ್ತು ಅಂತ ಕೇಳಿದೆ. 9.81 ಗುಣಿಸು 1.428, ಸುಮಾರು 14. ಅಡ್ಡ ವೇಗವೂ 14! ಎರಡೂ ಸಮ ಆದ್ದರಿಂದ ಗುಂಡು 45 ಡಿಗ್ರಿ ಕೋನದಲ್ಲಿ ಇಳಿದಿದೆ. “ಇದು ಹೇಗೆ ದೊಡ್ಡಮ್ಮ, ಬೇಕು ಅಂತ ಇಟ್ರಾ?” ಅಂತ ಕೇಳಿದಳು. ಹೌದು, ಬೇಕು ಅಂತಲೇ ಇಟ್ಟದ್ದು. ಬೀಳುವ ದೂರ ಎತ್ತರದ ಎರಡರಷ್ಟಿದ್ದರೆ ಯಾವ ಎತ್ತರದಿಂದ ಎಸೆದರೂ ಇಳಿಯುವ ಕೋನ 45 ಡಿಗ್ರಿಯೇ. ಎತ್ತರದ ಎರಡರಷ್ಟನ್ನು ದೂರದಿಂದ ಭಾಗಿಸಿದರೆ ಇಳಿಯುವ ಕೋನದ ಟ್ಯಾಂಜೆಂಟ್ ಸಿಗುತ್ತದೆ. ಗುರುತ್ವ ಬೇಡ, ಸಮಯ ಬೇಡ, ವೇಗ ಬೇಡ, ಬರೀ ಎತ್ತರ ಮತ್ತು ದೂರ. ಇದಕ್ಕೊಂದು ಚಂದದ ಚಿತ್ರವೂ ಇದೆ. ಗುಂಡು ಬಿದ್ದ ಜಾಗದಲ್ಲಿ ಅದರ ಹಾದಿಗೆ ಸ್ಪರ್ಶಕ ಎಳೆಯಿರಿ. ಅದು ಮೇಲಕ್ಕೆ ಹೋಗಿ ಎಸೆದ ಎತ್ತರವನ್ನು ಮುಟ್ಟುವುದು ಸರಿಯಾಗಿ ಅರ್ಧ ದೂರದಲ್ಲಿ. 21.42 ಮೀಟರ್‌ನಲ್ಲಿ ಬಿದ್ದ ಗುಂಡಿಗಾದರೆ 10.71ರಲ್ಲಿ. ಪುಸ್ತಕದಲ್ಲಿ ಹಾದಿ ಬಿಡಿಸುವಾಗ ಈ ಒಂದು ಗೆರೆ ಮೊದಲು ಎಳೆದುಕೊಂಡರೆ ಕಮಾನು ಸರಿಯಾದ ಆಕಾರದಲ್ಲಿ ಬರುತ್ತದೆ. ಹೆಚ್ಚಿನ ಮಕ್ಕಳು ಬಿಡಿಸುವ ಹಾದಿ ಕೊನೆಯಲ್ಲಿ ನೆಟ್ಟಗೆ ಕೆಳಗೆ ಬೀಳುತ್ತದೆ. ಅಡ್ಡ ವೇಗ ಕೊನೆಯವರೆಗೂ ಹಾಗೇ ಇರುವಾಗ ಅದು ನೆಟ್ಟಗೆ ಬೀಳುವುದಕ್ಕೆ ಸಾಧ್ಯವೇ ಇಲ್ಲ.

ಕೊನೆಯ ವೇಗದ ಪ್ರಶ್ನೆಗೆ ವೆಕ್ಟರ್ಸ್ ಪರದೆ ಬಳಸಿ. ವೇಗದ ಬಾಣಗಳನ್ನು ಭಾಗಗಳಾಗಿ ತೋರಿಸು ಅಂತ ಹೇಳಬಹುದು. ಅಡ್ಡ ಬಾಣ ಹೊರಟಾಗ ಎಷ್ಟಿತ್ತೋ ಬೀಳುವವರೆಗೂ ಅಷ್ಟೇ ಉದ್ದ. ಕೆಳಗಿನ ಬಾಣ ಸೊನ್ನೆಯಿಂದ ಶುರುವಾಗಿ ಉದ್ದವಾಗುತ್ತಾ ಹೋಗುತ್ತದೆ. ವೇಗೋತ್ಕರ್ಷದ ಬಾಣ ಹಾಕಿದರೆ ಅದು ಯಾವಾಗಲೂ ನೇರ ಕೆಳಗೆ, ಒಂದೇ ಅಳತೆ. ನಿಧಾನದ ಆಯ್ಕೆ ಒತ್ತಿ ಇದನ್ನು ನೋಡಬೇಕು, ಮಾಮೂಲಿ ವೇಗದಲ್ಲಿ ಒಂದೂವರೆ ಸೆಕೆಂಡ್ ಒಳಗೆ ಮುಗಿದುಹೋಗುತ್ತದೆ. ನಮ್ಮ ಮೊದಲ ಲೆಕ್ಕದಲ್ಲಿ ಅಡ್ಡ ವೇಗ 15, ಕೆಳಮುಖ ವೇಗ 14. ಇವೆರಡನ್ನೂ ಸುಮ್ನೆ ಕೂಡಿ 29 ಅಂತ ಬರೆಯುವವರು ಪ್ರತಿ ತರಗತಿಯಲ್ಲೂ ಇದ್ದಾರೆ. ಬಾಣಗಳು ಒಂದಕ್ಕೊಂದು ಲಂಬವಾಗಿ ನಿಂತಿರುವುದನ್ನು ಕಂಡ ಮೇಲೆ ಪೈಥಾಗರಸ್ ತಾನಾಗಿಯೇ ನೆನಪಾಗುತ್ತದೆ. ವರ್ಗಗಳ ಮೊತ್ತ 421.2, ವರ್ಗಮೂಲ 20.52. ಕೋನ ನೆಲದ ರೇಖೆಗಿಂತ 43 ಡಿಗ್ರಿ ಕೆಳಕ್ಕೆ. ಉತ್ತರ ಸರಿಯೇ ಅಂತ ಶಕ್ತಿಯ ದಾರಿಯಿಂದಲೂ ನೋಡಿಕೊಳ್ಳಬಹುದು. 15ರ ವರ್ಗಕ್ಕೆ 2 ಗುಣಿಸು 9.81 ಗುಣಿಸು 10 ಕೂಡಿದರೆ ಅದೇ 421.2. ಎರಡು ದಾರಿಯಲ್ಲಿ ಹೋಗಿ ಒಂದೇ ಕಡೆ ಸೇರಿದಾಗ ಸಿಗುವ ಧೈರ್ಯವೇ ಬೇರೆ.

ಎತ್ತರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಎತ್ತರ ಎರಡರಷ್ಟಾದರೆ ಸಮಯವೂ ಎರಡರಷ್ಟು ಅಂತ ಮಕ್ಕಳು ಹೇಳುತ್ತಾರೆ. 3 ಮೀಟರ್ ಮತ್ತು 12 ಮೀಟರ್ ಹಾಕಿಸಿ, ವೇಗ 10. ಸಮಯ 0.78 ಮತ್ತು 1.56. ದೂರ 7.82 ಮತ್ತು 15.64. ನಾಲ್ಕು ಪಟ್ಟು ಎತ್ತರಕ್ಕೆ ಎರಡು ಪಟ್ಟು ಸಮಯ. ಲ್ಯಾಬ್ ಪರದೆಯಲ್ಲಿ ಗುರುತ್ವವನ್ನೇ ಬದಲಾಯಿಸಬಹುದು, 5ರಿಂದ 20ರವರೆಗೆ. 10 ಮೀಟರ್ ಎತ್ತರಕ್ಕೆ ಗುರುತ್ವ 5 ಇಟ್ಟರೆ ಸಮಯ ಸರಿಯಾಗಿ 2 ಸೆಕೆಂಡ್, 20 ಇಟ್ಟರೆ ಸರಿಯಾಗಿ 1 ಸೆಕೆಂಡ್. ಬಾಯಲ್ಲೇ ಮಾಡಬಹುದಾದ ಲೆಕ್ಕ. ವರ್ಗಮೂಲದ ಸ್ವಭಾವ ಹೀಗೆ ಕೈಗೆ ಹತ್ತುತ್ತದೆ.

ತೂಕದ ಬಗ್ಗೆಯೂ ಇದೇ ಮಾತು. ಹಾರಿಸುವ ವಸ್ತುಗಳ ಪಟ್ಟಿಯಲ್ಲಿ ಗಾಲ್ಫ್ ಚೆಂಡಿನಿಂದ ಹಿಡಿದು ಪಿಯಾನೋ, ಕಾರಿನವರೆಗೂ ಇವೆ. ಗಾಳಿಯ ತಡೆ ಇಲ್ಲದಿದ್ದರೆ ಎಲ್ಲದರ ಹಾದಿಯೂ ಒಂದೇ. ಮಕ್ಕಳು ಪಿಯಾನೋ ಹಾರಿಸಿ ನಗುತ್ತಾರೆ, ನಗಲಿ. ನಕ್ಕ ಮೇಲೆ ಚುಕ್ಕೆಗಳನ್ನು ಓದಿಸಿ. ಲೆಕ್ಕದಲ್ಲಿ ತೂಕ ಕೊಟ್ಟಿದ್ದರೆ ಅದನ್ನು ಎಲ್ಲಾದರೂ ಬಳಸಲೇಬೇಕು ಅನ್ನುವ ಭ್ರಮೆ ಅಲ್ಲಿಗೆ ಹೋಗುತ್ತದೆ.

ಗಾಳಿಯ ತಡೆಯ ಗುರುತು ಹಾಕುವುದನ್ನು ನಾನು ಪಾಠದ ಕೊನೆಗೆ ಇಟ್ಟುಕೊಳ್ಳುತ್ತೇನೆ. ಇದು ಹೆಚ್ಚಿನವರು ಗಮನಿಸದ ವಿಷಯ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಗುರುತು ಹಾಕಿದರೆ ದೂರ ಕಡಿಮೆಯಾಗುತ್ತದೆ ಅಂತ ಎಲ್ಲರೂ ಊಹಿಸುತ್ತಾರೆ. ಸಮಯ ನೋಡಿ. ಬೇಸ್‌ಬಾಲ್ ಹಾಕಿ, 10 ಮೀಟರ್ ಎತ್ತರದಿಂದ ಮೊದಲು ಮೆಲ್ಲಗೆ, ಆಮೇಲೆ 30ರ ವೇಗದಲ್ಲಿ ಹಾರಿಸಿ. ಎರಡರ ಸಮಯ ಈಗ ಒಂದೇ ಇರುವುದಿಲ್ಲ. ಜೋರಾಗಿ ಹೊರಟದ್ದು ಸ್ವಲ್ಪ ತಡವಾಗಿ ನೆಲ ಮುಟ್ಟುತ್ತದೆ. ಯಾಕೆಂದರೆ ಗಾಳಿಯ ತಡೆ ಒಟ್ಟು ವೇಗದ ವರ್ಗದ ಜೊತೆ ಏರುತ್ತದೆ, ಮತ್ತು ಅದು ಚಲನೆಯ ದಿಕ್ಕಿಗೆ ಎದುರಾಗಿ ಹಿಡಿಯುತ್ತದೆ. ಅಡ್ಡ ವೇಗ ಜಾಸ್ತಿ ಇದ್ದರೆ ಕೆಳಗೆ ಬೀಳುವುದನ್ನು ತಡೆಯುವ ಪಾಲೂ ಜಾಸ್ತಿಯಾಗುತ್ತದೆ. ಅಂದರೆ ನಾವು ಪುಸ್ತಕದಲ್ಲಿ ಎಳೆದ ಗೆರೆ ಗಾಳಿ ಬಂದ ಕೂಡಲೇ ಸೋರುತ್ತದೆ. ಎಡಗಡೆಯ ಸುದ್ದಿ ಬಲಗಡೆಗೆ ದಾಟುತ್ತದೆ. ‘ಗಾಳಿಯ ತಡೆ ಲೆಕ್ಕಕ್ಕಿಲ್ಲ’ ಅಂತ ಪ್ರಶ್ನೆಯ ಕೊನೆಯಲ್ಲಿ ಸಣ್ಣಗೆ ಬರೆದಿರುತ್ತದಲ್ಲ, ಇಡೀ ಎರಡು ಕಾಲಂ ವಿಧಾನ ನಿಂತಿರುವುದೇ ಆ ಸಾಲಿನ ಮೇಲೆ. ಇಷ್ಟು ದೊಡ್ಡ ಮಾತನ್ನು ಒಂದು ಗುರುತು ಹಾಕಿ ತೋರಿಸುವ ಸಾಧನ ನನಗೆ ಬೇರೆ ಸಿಕ್ಕಿಲ್ಲ.

ಇನ್ನು ಇದರಿಂದ ಏನು ಆಗುವುದಿಲ್ಲ ಅನ್ನುವುದು. ಇದು ಪ್ರಶ್ನೆ ಓದುವುದನ್ನು ಕಲಿಸುವುದಿಲ್ಲ. ಅದು ಇದರ ಕೆಲಸವೂ ಅಲ್ಲ. ಪರೀಕ್ಷೆಯ ಪ್ರಶ್ನೆಯಲ್ಲಿ ‘ಅಡ್ಡಕ್ಕೆ ಹಾರುತ್ತಿರುವ ವಿಮಾನದಿಂದ ಪೊಟ್ಟಣ ಬೀಳಿಸಿದರು’ ಅಂತ ಇರುತ್ತದೆ. ‘ಬೀಳಿಸಿದರು’ ಅಂತ ಓದಿದ ಮಗು ಅಡ್ಡ ವೇಗವನ್ನೂ ಸೊನ್ನೆ ಅಂತ ಬರೆದುಬಿಡುತ್ತದೆ. ಪೊಟ್ಟಣಕ್ಕೆ ವಿಮಾನದ ವೇಗ ಇದ್ದೇ ಇದೆ. ಮೇಜಿನ ಅಂಚಿನಿಂದ ಉರುಳಿಬಿದ್ದ ಗೋಲಿಗೂ ಹಾಗೆಯೇ, ಕೈಯಿಂದ ಯಾರೂ ಎಸೆಯದಿದ್ದರೂ ಅದು ಅಡ್ಡ ಎಸೆತವೇ. ಕೆಲವು ಸಲ ಎತ್ತರವನ್ನೇ ಕೇಳುತ್ತಾರೆ. 12ರ ವೇಗದಲ್ಲಿ ಅಡ್ಡಕ್ಕೆ ಎಸೆದ ಕಲ್ಲು 18 ಮೀಟರ್ ದೂರ ಬಿತ್ತು, ಎತ್ತರ ಎಷ್ಟು? ಇಲ್ಲಿ ಸಮಯ ಎಡಗಡೆಯಿಂದ ಬರಬೇಕು. 18 ಭಾಗಿಸು 12, ಒಂದೂವರೆ ಸೆಕೆಂಡ್. ಆಮೇಲೆ ಬಲಗಡೆಗೆ ಹೋಗಿ: 9.81ರ ಅರ್ಧ ಗುಣಿಸು 2.25, 11.04 ಮೀಟರ್. ಸಮಯ ಯಾವಾಗಲೂ ಎತ್ತರದಿಂದಲೇ ಬರುತ್ತದೆ ಅಂತ ಸೂತ್ರ ಉರು ಹೊಡೆದವರು ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಫಿರಂಗಿಯನ್ನು 11 ಮೀಟರ್‌ಗೆ ಏರಿಸಿ 12ರಲ್ಲಿ ಹಾರಿಸಿದರೆ 17.97ರಲ್ಲಿ ಬೀಳುತ್ತದೆ. ಸರಿಯಾದ ದಾರಿಯಲ್ಲಿದ್ದೇವೆ ಅನ್ನುವುದಕ್ಕೆ ಇಷ್ಟು ಸಾಕು.

ಅಂಕಿಗಳ ವಿಷಯದಲ್ಲಿ ಒಂದು ಎಚ್ಚರ. ಸಿಮ್ಯುಲೇಷನ್ ಬಳಸುವುದು 9.81. ಪಠ್ಯಪುಸ್ತಕಗಳು 9.8 ಬಳಸುತ್ತವೆ, ಕೆಲವು 10. ಗುರುತ್ವ 10 ಅಂತ ಹಿಡಿದರೆ ನಮ್ಮ ಮೊದಲ ಲೆಕ್ಕದ ದೂರ 21.42ರ ಬದಲು 21.21 ಬರುತ್ತದೆ. ಲೆಕ್ಕ ತಪ್ಪಿಲ್ಲ, ಅಂಕಿ ಬೇರೆ, ಅಷ್ಟೇ. ಲ್ಯಾಬ್ ಪರದೆಯಲ್ಲಿ ಗುರುತ್ವವನ್ನು ಪುಸ್ತಕದಲ್ಲಿ ಇರುವಷ್ಟಕ್ಕೇ ಹೊಂದಿಸಿಕೊಂಡರೆ ಈ ಗೊಂದಲ ಇರುವುದಿಲ್ಲ.

ಫೋನಿನಲ್ಲೂ ನಡೆಯುತ್ತದೆ. ಆದರೆ ಚುಕ್ಕೆಗಳು ಬೆರಳಿಗಿಂತ ಚಿಕ್ಕವು. ಅಳತೆಯ ಸಾಧನವನ್ನು ಸರಿಯಾದ ಚುಕ್ಕೆಯ ಮೇಲೆ ಕೂರಿಸಲು ಟ್ಯಾಬ್ ಅಥವಾ ಲ್ಯಾಪ್‌ಟಾಪ್ ವಾಸಿ.

ಎತ್ತರಕ್ಕೆ ಒಂದು ಮಿತಿ ಇದೆ: ಫಿರಂಗಿ 15 ಮೀಟರ್‌ಗಿಂತ ಮೇಲೆ ಹೋಗುವುದಿಲ್ಲ. ಪುಸ್ತಕದ ಲೆಕ್ಕಗಳಲ್ಲಿ ಬಂಡೆ 60 ಮೀಟರ್, 80 ಮೀಟರ್ ಇರುತ್ತದೆ. ಮೊದಲಿಗೆ ಇದು ಕೊರತೆ ಅನ್ನಿಸಬಹುದು. ಆದರೆ ಇದರಿಂದಲೇ ಒಂದು ಒಳ್ಳೆಯ ಪಾಠ ಸಿಗುತ್ತದೆ. 60 ಮೀಟರ್ ಬಂಡೆಯಿಂದ 20ರ ವೇಗದಲ್ಲಿ ಎಸೆದ ಕಲ್ಲು ಎಲ್ಲಿ ಬೀಳುತ್ತದೆ ಅಂತ ನೋಡಬೇಕು ಅಂದುಕೊಳ್ಳಿ. ಎತ್ತರವನ್ನು ನಾಲ್ಕನೇ ಒಂದಕ್ಕೆ ಇಳಿಸಿ, 15 ಮೀಟರ್. ಎತ್ತರ ಕಾಲು ಭಾಗವಾದರೆ ಸಮಯ ಅರ್ಧ. ವೇಗವನ್ನೂ ಅರ್ಧ ಮಾಡಿ, 10. ಆಗ ದೂರ ಕಾಲು ಭಾಗ ಆಗಬೇಕು. ಫಿರಂಗಿ ಹಾರಿಸಿದರೆ 17.49. ನಾಲ್ಕರಿಂದ ಗುಣಿಸಿದರೆ ಸುಮಾರು 70 ಮೀಟರ್. ನೇರವಾಗಿ ಲೆಕ್ಕ ಮಾಡಿದರೆ 69.95. ಎರಡು ಹಾದಿಗಳ ಆಕಾರ ಒಂದೇ, ಒಂದು ಇನ್ನೊಂದರ ಚಿಕ್ಕ ಪ್ರತಿ. ಇಳಿಯುವ ಕೋನ ಕೂಡ ಬದಲಾಗುವುದಿಲ್ಲ. ದೊಡ್ಡದನ್ನು ಚಿಕ್ಕದಾಗಿ ಮಾಡಿ ಪರೀಕ್ಷಿಸುವ ಈ ಉಪಾಯ ಸೂತ್ರಕ್ಕಿಂತ ಹೆಚ್ಚು ದಿನ ನೆನಪಿರುತ್ತದೆ ಅಂತ ನನ್ನ ನಂಬಿಕೆ.

ಸ್ವಂತವಾಗಿ ಕಲಿಯುವವರು, ಮಕ್ಕಳಿಗೆ ಹೇಳಿಕೊಡುವ ಅಪ್ಪ ಅಮ್ಮಂದಿರು, ನನ್ನಂಥ ಪಾಠದವರು, ಎಲ್ಲರಿಗೂ ಇದನ್ನು ಧಾರಾಳವಾಗಿ ಹೇಳುತ್ತೇನೆ. ಲೆಕ್ಕ ಬಿಡಿಸುವ ಹಂತಗಳನ್ನು ಯಾರಾದರೂ ಬರೆದು ತೋರಿಸಲಿ ಅಂತ ಕಾಯುವವರಿಗೆ ಮಾತ್ರ ಇದು ಹೊಂದುವುದಿಲ್ಲ. ಹಂತ ನಾವೇ ಬರೆಯಬೇಕು.

ತಂಗಿಯ ಮಗಳು ಈಗ ತಾನೇ ಲೆಕ್ಕ ಕಟ್ಟಲು ಶುರುಮಾಡಿದ್ದಾಳೆ. ಅವಳ ಇತ್ತೀಚಿನದು ಹೀಗಿದೆ: ಎತ್ತರ 11 ಮೀಟರ್, ಅಡ್ಡಕ್ಕೆ ಎಸೆದ ಗುಂಡು 45 ಡಿಗ್ರಿಯಲ್ಲಿ ಇಳಿಯಬೇಕು, ವೇಗ ಎಷ್ಟಿರಬೇಕು? 45 ಡಿಗ್ರಿ ಅಂದಮೇಲೆ ದೂರ 22 ಮೀಟರ್, ಸಮಯ 1.4975 ಸೆಕೆಂಡ್, ವೇಗ 14.69 ಅಂತ ಬಿಡಿಸಿ ತಂದಳು. ಸ್ಲೈಡರ್ ಒಂದೊಂದೇ ಅಂಕಿ ಜರುಗುತ್ತದೆ, 14.69ಕ್ಕೆ ನಿಲ್ಲುವುದಿಲ್ಲ. ಅವಳು 14ರಲ್ಲಿ ಒಂದು, 15ರಲ್ಲಿ ಒಂದು ಹಾರಿಸಿದಳು. 20.97, 22.46. “22 ಇವೆರಡರ ನಡುವೆ ಇದೆ, 15ರ ಹತ್ತಿರ ಜಾಸ್ತಿ ಇದೆ. ನನ್ನ ಉತ್ತರ ಸರಿ ದೊಡ್ಡಮ್ಮ” ಅಂತ ಹೇಳಿ ಮುಂದಿನ ಲೆಕ್ಕಕ್ಕೆ ಗೆರೆ ಎಳೆದಳು.